ತಪ್ಪನ್ನು ಅರಸುವ ಪರೀಕ್ಷೆ



ಮನಶ್ಶಾಸ್ತ್ರದ ಯಾವುದಾದರೊಂದು ಘನವಾದ ಸಿದ್ಧಾಂತವನ್ನು ಕುರಿತು ಮಾತನಾಡಬಹುದಲ್ಲವೇ ಎಂದು ಈ ಉಪನ್ಯಾಸದ ಸಂಚಾಲಕರು ನನಗೆ ಸೂಚಿಸಿದ್ದರು. ಸೂಚನೆ ಉಚಿತವಾದುದೇ, ಆದರೂ ನಾನು ಆರಿಸಿಕೊಂಡಿರುವ ವಿಷಯ ಅದಕ್ಕಿಂತ ಸಾಧಾರಣವಾದುದು, ನನ್ನ ಎಣಿಕೆಯಲ್ಲಿ ಅದಕ್ಕಿಂತ ಅವಶ್ಯವಾದುದು. ನರರೋಗತಜ್ಞರು ರೋಗಿಯನ್ನು ಮಾತನಾಡಿಸಿ, ಕೈಕಾಲುಗಳ ಬಲವನ್ನು ನೋಡಿ, ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ಪರಿಶೀಲಿಸಿ, ಕಟ್ಟಕಡೆಗೆ ಒಂದು ಚೀಟಿಯ ಮೇಲೆ ‘ನ್ಯೂರೋಸೈಕಾಲಜಿ ಅಸೆಸ್‌ಮೆಂಟ್’ ಎಂದು, ಅಂದರೆ ನರಮನಶ್ಶಾಸ್ತ್ರೀಯ ಪರೀಕ್ಷೆ ಆಗಬೇಕೆಂದು, ಬರೆದುಕೊಡುತ್ತಾರೆ. ಆ ಚೀಟಿಯನ್ನು ಹಿಡಿದು ಹೊರಬಂದವರಿಗೂ ಅವರ ಮನೆಯವರಿಗೂ ಅಂದು ರಾತ್ರಿ ನೆಟ್ಟಗೆ ನಿದ್ರೆ ಬರುವುದಿಲ್ಲ. “ನನಗೆ ತಲೆ ಕೆಟ್ಟಿದೆಯೆಂದು ಬರೆದುಬಿಡುತ್ತಾರೆಯೇ?” ಎಂಬುದು ಒಬ್ಬರ ಆತಂಕ, “ಎಸ್ಸೆಲ್ಸಿಯ ಗಣಿತಕ್ಕೇ ಹೆದರಿದವನು ನಾನು, ಈ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಯೇ?” ಎಂಬುದು ಇನ್ನೊಬ್ಬರದು. ಮೊಮ್ಮಗಳಿಗೆ ಮಗ್ಗಿ ಒಪ್ಪಿಸಿ, ಪತ್ರಿಕೆಯ ಪದಬಂಧಗಳನ್ನು ಬಿಡಿಸಿ, ಮಂತ್ರಿಮಂಡಲದ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬರುವವರನ್ನೂ ನಾನು ಕಂಡಿದ್ದೇನೆ.

ಈ ಭಯಗಳಿಗೆಲ್ಲ ಮೂಲ ಒಂದೇ. ನಮ್ಮಲ್ಲಿ ಪರೀಕ್ಷೆಯೆಂದರೆ ಪಾಸು ಅಥವಾ ನಪಾಸು. ಸರಿಯುತ್ತರಕ್ಕೆ ಅಂಕ, ತಪ್ಪಿಗೆ ಅವಮಾನ. ನಾನು ಇಂದು ವಿವರಿಸಹೊರಟಿರುವ ಪರೀಕ್ಷೆಯಲ್ಲಿ ತೇರ್ಗಡೆಯ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಮನುಷ್ಯನು ಮಾಡುವ ತಪ್ಪು, ಆ ತಪ್ಪು ಹುಟ್ಟುವ ಬಗೆ, ತಪ್ಪಾಯಿತೆಂಬುದು ಅವನಿಗೇ ಹೊಳೆಯುವುದೋ ಇಲ್ಲವೋ ಎಂಬ ಸಂಗತಿ, ಇವೇ ಪರೀಕ್ಷಕರು ಅರಸುವ ಸಾಮಗ್ರಿ. ಈ ಒಂದು ಮಾತನ್ನು ಮನಗಾಣಿಸುವುದಕ್ಕಾಗಿಯೇ ನಾನು ಈ ಹೊತ್ತು ತಮ್ಮ ಮುಂದೆ ನಿಂತಿದ್ದೇನೆ.

ಮಿದುಳನ್ನು ಕುರಿತು ನಮಗಿರುವ ಜ್ಞಾನದ ದೊಡ್ಡದೊಂದು ಭಾಗ ಹೀಗೆ ತಪ್ಪುಗಳನ್ನು ಗಮನಿಸಿದುದರಿಂದ ಸಂಪಾದಿತವಾಗಿದೆ. ೧೮೬೧ರಲ್ಲಿ ಪ್ಯಾರಿಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರು, ಪರರ ಮಾತನ್ನು ತಿಳಿಯಬಲ್ಲವನಾಗಿದ್ದೂ ತನ್ನ ಬಾಯಿಂದ ‘ಟ್ಯಾನ್’ ಎಂಬ ಉಚ್ಚಾರವೊಂದರ ಹೊರತು ಹೆಚ್ಚೇನನ್ನೂ ಹೊರಡಿಸಲಾರದೆ ಇದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರಿಶೀಲಿಸಿ, ಅದರ ಎಡಗಡೆಯ ಮುಂಭಾಗದಲ್ಲಿ ಕ್ಷತವಿದ್ದುದನ್ನು ತೋರಿಸಿದರು. ೧೮೭೪ರಲ್ಲಿ ಕಾರ್ಲ್ ವೆರ್ನಿಕೆ ಅವರು, ಮಾತೇನೋ ನಿರರ್ಗಳವಾಗಿ ಹರಿಯುತ್ತಿದ್ದರೂ ಅದರಲ್ಲಿ ಅರ್ಥ ಕೂಡದೆ, ಕೇಳಿದ ಮಾತೂ ತಿಳಿಯದೆ ಹೋಗುವ ಇನ್ನೊಂದು ಸ್ಥಿತಿಯನ್ನು ವರ್ಣಿಸಿ, ಅದನ್ನು ಮಿದುಳಿನ ಬೇರೊಂದು ಪ್ರದೇಶದೊಡನೆ ಸಂಬಂಧಿಸಿದರು. ಇಬ್ಬಗೆಯ ರೋಗಿಗಳಿಗೂ ‘ಮಾತು ಕೆಟ್ಟಿದೆ’ ಎಂದು ಒಂದೇ ಷರಾ ಬರೆದುಬಿಟ್ಟಿದ್ದರೆ ಈ ಭೇದ ಎಂದಿಗೂ ಗೋಚರವಾಗುತ್ತಿರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನ ವೃತ್ತಾಂತ. ಉಗ್ರವಾದ ಅಪಸ್ಮಾರದಿಂದ ನರಳುತ್ತಿದ್ದ ಆತನಿಗೆ ೧೯೫೩ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಪಾರ್ಶ್ವಗಳಲ್ಲಿ, ಕಿವಿಯ ನೇರಕ್ಕೆ ಒಳಗಡೆ ಇರುವ ಭಾಗವನ್ನು ತೆಗೆದುಹಾಕಿದರು. ಮೂರ್ಛೆಗಳು ಬಹುಮಟ್ಟಿಗೆ ಕಡಮೆಯಾದುವು. ಆದರೆ ಅಂದಿನಿಂದ ೨೦೦೮ರಲ್ಲಿ ಗತಿಸುವವರೆಗೂ ಆತನಿಗೆ ಹೊಸದಾಗಿ ನಡೆದ ಸಂಗತಿಗಳು ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಆತನ ಎದುರಿಗೆ ಕುಳಿತು ಪರೀಕ್ಷಿಸಿದಾಗ ಕಂಡುದು ಏನೆಂದರೆ, ಬುದ್ಧಿಶಕ್ತಿಯ ಮಾಪನದಲ್ಲಿ ಆತ ಸಾಮಾನ್ಯರಿಗಿಂತ ಕೆಳಗಿರಲಿಲ್ಲ, ಭಾಷೆ ಕೆಟ್ಟಿರಲಿಲ್ಲ, ಹೇಳಿದ ಅಂಕಿಗಳನ್ನು ಒಡನೆಯೇ ಮರಳಿ ಹೇಳುತ್ತಿದ್ದನು, ಆದರೆ ಗಮನ ಅತ್ತಿತ್ತ ಸರಿದೊಡನೆ ಎಲ್ಲವೂ ಅಳಿಸಿಹೋಗುತ್ತಿತ್ತು. ಆಕೆ ಆತನ ಮುಂದೆ ಜೋಡುಗೆರೆಗಳಿಂದ ಬರೆದ ಒಂದು ನಕ್ಷತ್ರದ ಆಕೃತಿಯನ್ನಿಟ್ಟು, ಕೈಯೂ ಕಾಗದವೂ ಕನ್ನಡಿಯಲ್ಲಿ ಮಾತ್ರ ಕಾಣುವಂತೆ ಏರ್ಪಡಿಸಿ, ಆ ಎರಡು ಗೆರೆಗಳ ನಡುವೆ ಪೆನ್ಸಿಲನ್ನು ನಡೆಸುವಂತೆ ಹೇಳಿದರು. ಕನ್ನಡಿಯಲ್ಲಿ ದಿಕ್ಕು ತಿರುವುಮುರುವಾಗುವುದರಿಂದ ಮೊದಲಲ್ಲಿ ಯಾರಿಗಾದರೂ ಕೈ ತಪ್ಪುತ್ತದೆ, ಆತನಿಗೂ ತಪ್ಪಿತು. ಮೂರು ದಿನಗಳ ಅಭ್ಯಾಸದಲ್ಲಿ ಆ ತಪ್ಪುಗಳು ಕಡಮೆಯಾಗುತ್ತ ಬಂದುವು. ಆದರೆ ಪ್ರತಿದಿನವೂ ಆ ಕಾಗದ, ಆ ಕನ್ನಡಿ, ಆ ಕೆಲಸ ಆತನಿಗೆ ಹೊಚ್ಚಹೊಸದಾಗಿ ತೋರುತ್ತಿತ್ತು. ತಾನು ಅದನ್ನು ಹಿಂದೆ ಮಾಡಿದ್ದೆನೆಂಬ ಸ್ಮರಣೆ ಲೇಶವೂ ಇರಲಿಲ್ಲ. ಕೈಗೆ ನೆನಪಿದೆ, ಮನುಷ್ಯನಿಗೆ ನೆನಪಿಲ್ಲ! ಕುಶಲತೆಯ ಸ್ಮೃತಿ ಬೇರೆ, ಘಟನೆಗಳ ಸ್ಮೃತಿ ಬೇರೆ, ಒಂದು ಕೆಟ್ಟರೂ ಇನ್ನೊಂದು ಉಳಿಯಬಲ್ಲುದು ಎಂಬ ಮಹತ್ತಾದ ವಿಷಯವನ್ನು ಲೋಕಕ್ಕೆ ತೋರಿಸಿಕೊಟ್ಟುದು ಒಂದು ಪೆನ್ಸಿಲು, ಒಂದು ಕನ್ನಡಿ, ಮತ್ತು ಮುಂದೆ ಕುಳಿತು ತಾಳ್ಮೆಯಿಂದ ನೋಡಿದ ಒಬ್ಬ ವ್ಯಕ್ತಿ.

ಸ್ಕ್ಯಾನ್ ಯಂತ್ರಗಳಿರುವಾಗ ಈ ಕಾಗದ ಪೆನ್ಸಿಲುಗಳ ಗೊಡವೆ ಏತಕ್ಕೆ ಎಂದು ಕೇಳುವವರಿದ್ದಾರೆ. ಯಂತ್ರವು ಮಿದುಳಿನ ಆಕಾರವನ್ನು ತೋರಿಸುತ್ತದೆ. ಆ ಮಿದುಳನ್ನು ಹೊತ್ತ ಮನುಷ್ಯನು ನಾಳೆ ಅಂಗಡಿಯ ಲೆಕ್ಕ ನೋಡಬಲ್ಲನೇ, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತಾನೇ ನುಂಗಬಲ್ಲನೇ, ಕಾಲೇಜಿಗೆ ಹಿಂದಿರುಗಬಲ್ಲನೇ ಎಂಬುದನ್ನು ಅದು ಹೇಳಲಾರದು. ದ್ವಿಚಕ್ರವಾಹನದಿಂದ ಬಿದ್ದು ತಲೆಗೆ ಪೆಟ್ಟಾದ ತರುಣನ ಸ್ಕ್ಯಾನು ಶುದ್ಧವಾಗಿದ್ದು, ಅವನ ಅವಧಾನವೂ ಸಂಯಮವೂ ಹಾಳಾಗಿರುವುದುಂಟು. ಹಣ್ಣುಹಣ್ಣು ಮುದುಕರ ಮಿದುಳು ಸ್ಕ್ಯಾನಿನಲ್ಲಿ ಕುಗ್ಗಿದಂತೆ ಕಂಡರೂ ಅವರು ಮನೆಯ ವ್ಯವಹಾರವನ್ನೆಲ್ಲ ಸರಾಗವಾಗಿ ನಡೆಸುತ್ತಿರುವುದುಂಟು. ಆದುದರಿಂದಲೇ ಪಾರ್ಶ್ವವಾಯುವಿನ ತರುವಾಯ, ತಲೆಯ ಗಾಯದ ತರುವಾಯ, ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ, ವೃದ್ಧರಲ್ಲಿ ಮರೆವು ಹೆಚ್ಚಿದಾಗ ಅದು ಡಿಮೆನ್ಷಿಯಾವೋ ಖಿನ್ನತೆಯೋ ಎಂದು ವಿವೇಚಿಸಬೇಕಾದಾಗ, ವೈದ್ಯರು ಈ ಚೀಟಿಯನ್ನು ಬರೆಯುತ್ತಾರೆ. ಬುದ್ಧಿಭ್ರಮಣೆಯ ಶಂಕೆಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಆ ದಿನದ ವಿಷಯ. ಮೊದಲು ನಡೆಯುವುದು ಮಾತುಕತೆ. ಊರು, ಓದು, ಉದ್ಯೋಗ, ಮನೆಯಲ್ಲಿ ಆಡುವ ಭಾಷೆ, ತೊಂದರೆ ಮೊದಲು ಯಾರ ಕಣ್ಣಿಗೆ ಬಿತ್ತು, ಇದ್ದಕ್ಕಿದ್ದಂತೆ ಬಂದಿತೋ ಮೆಲ್ಲಮೆಲ್ಲನೆ ಬೆಳೆಯಿತೋ, ನಿದ್ರೆ ಹೇಗೆ, ಕುಡಿತವುಂಟೋ, ಯಾವ ಮಾತ್ರೆಗಳು ನಡೆಯುತ್ತಿವೆ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಬಲಗೈಯವರೋ ಎಡಗೈಯವರೋ ಎಂದೂ ಕೇಳುತ್ತಾರೆ. ಮನೆಯವರೊಡನೆ ಪ್ರತ್ಯೇಕವಾಗಿ ಮಾತನಾಡುವ ಪದ್ಧತಿಯೂ ಉಂಟು. ಇದರಲ್ಲಿ ಗೂಢಚರ್ಯೆಯೇನೂ ಇಲ್ಲ. ಮರೆತವರಿಗೆ ತಾವು ಮರೆತುದೇ ಮರೆತಿರುತ್ತದೆಯಾದುದರಿಂದ ಇನ್ನೊಬ್ಬರ ಸಾಕ್ಷ್ಯ ಬೇಕಾಗುತ್ತದೆ. ಸೂಜಿಯಿಲ್ಲ, ವಿದ್ಯುತ್ತಂತಿಗಳಿಲ್ಲ, ಒಂದು ಮೇಜು, ಎರಡು ಕುರ್ಚಿ, ಕಾಗದಗಳು, ಪೆನ್ಸಿಲು, ಬಣ್ಣದ ಮರದ ತುಂಡುಗಳು, ಒಂದು ಸ್ಟಾಪ್‌ವಾಚು, ಇಷ್ಟೇ. ಎರಡು ಗಂಟೆಗಳಲ್ಲಿ ಮುಗಿಯಬಹುದು, ಅರ್ಧ ದಿನ ಹಿಡಿಯಬಹುದು; ದಣಿಯುವವರಿಗೆ ಎರಡು ದಿನಕ್ಕೆ ಹಂಚುತ್ತಾರೆ. ದಣಿವಾದರೆ ಹೇಳಿಬಿಡಬೇಕು. ಸಂಕೋಚದಿಂದ ಬಾಯಿ ಕಟ್ಟಿಕೊಂಡು ಕುಳಿತರೆ ಮಾಪನವಾಗುವುದು ಮಿದುಳಲ್ಲ, ದಣಿವು.

ಒಂದಾದರೂ ಪರೀಕ್ಷೆಯನ್ನು ಹತ್ತಿರದಿಂದ ತೋರಿಸದೆ ಹೋದರೆ ಈ ಮಾತೆಲ್ಲ ಗಾಳಿಯಲ್ಲಿ ಉಳಿಯುತ್ತದೆ. ನಿವೃತ್ತರಾದ ಹೈಸ್ಕೂಲು ಮೇಷ್ಟ್ರೊಬ್ಬರು ಮಗನೊಡನೆ ಬಂದಿದ್ದರು. ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹಾಲು ತರಲು ಹೋದವರು ಬರಿಗೈಯಲ್ಲಿ ಬರುತ್ತಾರೆ, ಗ್ಯಾಸಿನ ಒಲೆ ಆರಿಸುವುದನ್ನು ಮರೆಯುತ್ತಾರೆ ಎಂಬುದು ಮಗನ ದೂರು. “ಮೇಷ್ಟ್ರೇ, ನಾನು ಹದಿನೈದು ಪದ ಓದುತ್ತೇನೆ. ಮುಗಿದ ಮೇಲೆ ತಮಗೆ ನೆನಪಿರುವಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಿ” ಎಂದೆ. ಆ ಪದಗಳು ಯಾವುವೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಇದೇ ಸಭೆಯಿಂದ ಬರುವವರಿಗೆ ಆ ಉಪಕರಣ ನಿಷ್ಪ್ರಯೋಜಕವಾಗುತ್ತದೆ. ಅವೇ ಪದಗಳನ್ನು ಐದು ಸಲ ಓದುತ್ತೇವೆ, ಐದು ಸಲವೂ ಹೇಳಿಸುತ್ತೇವೆ. ನಡುವೆ ಬೇರೊಂದು ಪಟ್ಟಿಯನ್ನು ಕೊಟ್ಟು ಮನಸ್ಸನ್ನು ಕಲಕುತ್ತೇವೆ. ಸುಮಾರು ಅರ್ಧ ಗಂಟೆ ಕಳೆದ ಮೇಲೆ, ಮುನ್ಸೂಚನೆಯಿಲ್ಲದೆ, ಮೊದಲಿನ ಪಟ್ಟಿಯನ್ನು ಮತ್ತೆ ಕೇಳುತ್ತೇವೆ. ಮೇಷ್ಟ್ರು ಪ್ರತಿಸಲವೂ ನಾಲ್ಕೈದು ಪದಗಳಿಗೇ ನಿಂತು, “ಆಗೋದಿಲ್ಲ ಬಿಡಿ, ಇನ್ನು ನನ್ನ ತಲೆ ನಡೆಯೋದಿಲ್ಲ” ಎಂದು ಕೈ ಮಡಿಸಿದರು. ಪಕ್ಕದಲ್ಲಿದ್ದ ಮಗ ತಡೆಯಲಾರದೆ, “ಅಪ್ಪಾ, ಅದೇ... ಅಡಿಗೆಮನೇಲಿರುತ್ತಲ್ಲ...” ಎಂದು ಪಿಸುಗುಟ್ಟಿದ; ಅವನನ್ನು ಹೊರಗೆ ಕೂರಿಸಬೇಕಾಯಿತು. ಅರ್ಧ ಗಂಟೆಯ ಮೇಲೆ ಕೇಳಿದಾಗ ಮೇಷ್ಟ್ರು ಹೇಳಿದುದು ಎರಡೇ ಪದ. ಬರಿಯ ಅಂಕವನ್ನು ನೋಡುವವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಿದ್ದರು. ಆದರೆ ಪರೀಕ್ಷೆಗೆ ಇನ್ನೊಂದು ಮೆಟ್ಟಿಲಿದೆ: ಹಳೆಯ ಪದಗಳನ್ನೂ ಹೊಸ ಪದಗಳನ್ನೂ ಬೆರಸಿ ಓದಿ, ಯಾವುದು ಪಟ್ಟಿಯಲ್ಲಿತ್ತು ಯಾವುದು ಇರಲಿಲ್ಲ ಎಂದು ಗುರುತಿಸಹೇಳುವುದು. ಮೇಷ್ಟ್ರು ಒಂದೊಂದನ್ನೂ ತಡೆಯದೆ, ಹದಿನೈದಕ್ಕೆ ಹದಿಮೂರನ್ನು ಸರಿಯಾಗಿ ಗುರುತಿಸಿದರು! ಪದಗಳು ಒಳಗೆ ಸೇರಿದ್ದುವು. ಅವನ್ನು ಹುಡುಕಿ ಹೊರತೆಗೆಯುವ ಉತ್ಸಾಹ ಬತ್ತಿಹೋಗಿತ್ತು.

ಅದೇ ತಿಂಗಳು ಬಂದಿದ್ದ ಮತ್ತೊಬ್ಬರು, ಅಡಕೆ ವ್ಯಾಪಾರದಲ್ಲಿ ಹೆಸರು ಮಾಡಿದವರು, ನಗುನಗುತ್ತ, ನನ್ನನ್ನೇ ಕುಶಲ ವಿಚಾರಿಸುತ್ತ, ಮೇಷ್ಟ್ರಿಗಿಂತ ಹೆಚ್ಚು ಪದಗಳನ್ನು ಹೇಳಿದರು. ಆದರೆ ಅವುಗಳಲ್ಲಿ ಹಲವು ಪಟ್ಟಿಯಲ್ಲಿ ಇರಲೇ ಇಲ್ಲ. ಗುರುತಿಸುವಾಗ ಹೊಸ ಪದಗಳಿಗೂ ಹಳೆಯ ಪದಗಳಿಗೂ ಒಂದೇ ವಿಶ್ವಾಸದಿಂದ “ಹೌದು, ಇತ್ತು” ಎಂದರು. ಅವರಲ್ಲಿ ಪದಗಳು ಒಳಗೆ ನಿಂತೇ ಇರಲಿಲ್ಲ. ನಿಂತಿಲ್ಲವೆಂಬ ಅರಿವೂ ಅವರಿಗೆ ಇರಲಿಲ್ಲ. ಈ ಒಂದು ಪರೀಕ್ಷೆಯಿಂದಲೇ ರೋಗನಿರ್ಣಯವಾಗದು. ಉಳಿದ ಪರೀಕ್ಷೆಗಳೂ ಮನೆಯವರ ಮಾತೂ ಸ್ಕ್ಯಾನೂ ಕೂಡಿಬಂದ ಮೇಲೆ, ಮೇಷ್ಟ್ರಿಗೆ ಖಿನ್ನತೆಯ ಚಿಕಿತ್ಸೆ ಆರಂಭವಾಯಿತು, ವ್ಯಾಪಾರಸ್ಥರ ಕುಟುಂಬದವರನ್ನು ಕೂರಿಸಿಕೊಂಡು ಆಲ್ಜೈಮರ್ ರೋಗದ ವಿಷಯ ಮಾತನಾಡಬೇಕಾಯಿತು. ಅಂಕದಲ್ಲಿ ಹಿಂದಿದ್ದವರು ಮೇಷ್ಟ್ರು; ಚೇತರಿಸಿಕೊಂಡವರೂ ಅವರೇ.

ಉಳಿದ ಪರೀಕ್ಷೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಂಕಿಗಳನ್ನು ಹೇಳಿದಂತೆಯೇ ಹೇಳುವುದು, ಅನಂತರ ಹಿಂದುಮುಂದಾಗಿ ಹೇಳುವುದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬುದು. ‘ಕ’, ‘ಪ’, ‘ಮ’ ಎಂಬ ಅಕ್ಷರಗಳಿಂದ ಆರಂಭವಾಗುವ ಪದಗಳನ್ನು ಒಂದೊಂದು ನಿಮಿಷ ಹೇಳುತ್ತ ಹೋಗುವುದು. ಗುಲಾಬಿ ಮತ್ತು ಹಳದಿ ವೃತ್ತಗಳೊಳಗೆ ೧ರಿಂದ ೨೫ರವರೆಗೆ ಚದರಿರುವ ಅಂಕಿಗಳನ್ನು ಬಣ್ಣ ಬದಲಿಸುತ್ತ ಗೆರೆಯಿಂದ ಕೂಡಿಸುವುದು. ಆಂಡ್ರೆ ರೇ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞರು ೧೯೪೧ರಲ್ಲಿ ಪ್ರಕಟಿಸಿದ ಒಂದು ಜಟಿಲವಾದ ಆಕೃತಿಯನ್ನು ನೋಡಿ ಬರೆಯಹೇಳಿ, ಅನಂತರ ಅದನ್ನು ಮರೆಮಾಡಿ ನೆನಪಿನಿಂದ ಬರೆಸುವುದೂ ಉಂಟು. ಇಲ್ಲಿಯೂ ನಾವು ನೋಡುವುದು ಚಿತ್ರದ ಚೆಂದವನ್ನಲ್ಲ. ಮೊದಲು ದೊಡ್ಡ ಚೌಕಟ್ಟನ್ನು ಹಾಕಿ ಒಳಗಿನ ವಿವರಗಳನ್ನು ತುಂಬಿದಿರೋ, ಅಥವಾ ಒಂದು ಮೂಲೆಯ ಪುಟ್ಟ ಗೆರೆಯಿಂದ ಹೊರಟು ತುಂಡುತುಂಡಾಗಿ ಪೋಣಿಸುತ್ತ ದಾರಿ ತಪ್ಪಿದಿರೋ, ಕಾಗದದ ಎಡಭಾಗವನ್ನು ಪೂರ್ತಿಯಾಗಿ ಬಿಟ್ಟೇಬಿಟ್ಟಿರೋ ಎಂಬುದನ್ನು. ಪರೀಕ್ಷೆಗಳು ಸುಲಭದಿಂದ ಕಠಿನದ ಕಡೆಗೆ ಹತ್ತುತ್ತ ಹೋಗಿ, ಸಾಮಾನ್ಯವಾಗಿ ನೀವು ತಪ್ಪುವ ಕಡೆಯಲ್ಲೇ ನಿಲ್ಲುತ್ತವೆ. ಆದುದರಿಂದ “ಎಲ್ಲದರಲ್ಲಿಯೂ ಕೊನೆಗೆ ಸೋತೆ” ಎಂಬ ಭಾವನೆ ಆರೋಗ್ಯವಂತರಿಗೂ ಆಗುತ್ತದೆ. ನೀವು ಮಾಡಿದುದು ಸರಿಯೋ ತಪ್ಪೋ ಎಂದು ಪರೀಕ್ಷಕರು ಒಡನೆ ಹೇಳದಿರುವುದು ಕಾಠಿನ್ಯವಲ್ಲ. ಹೇಳಿದರೆ ಮುಂದಿನ ಉತ್ತರ ಕದಡುತ್ತದೆ.

ನಮ್ಮ ನಾಡಿನಲ್ಲಿ ಈ ವಿದ್ಯೆಯ ಪ್ರಮುಖ ನೆಲೆ ಬೆಂಗಳೂರು. ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೊಡನೆ ೧೯೭೪ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಅವರು ೨೦೦೪ರಲ್ಲಿ ಹೊರತಂದ ನರಮನಶ್ಶಾಸ್ತ್ರೀಯ ಪರೀಕ್ಷಾಮಾಲೆಯ ವೈಶಿಷ್ಟ್ಯವೆಂದರೆ, ಅದರ ಪ್ರಮಾಣಗಳು ಸ್ತ್ರೀಪುರುಷರಿಗೆ ಬೇರೆ, ವಯಸ್ಸಿಗನುಗುಣವಾಗಿ ಬೇರೆ, ಓದು ಬಾರದವರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ. ಇದರ ಬೆಲೆಯನ್ನು ನಾನು ಎಷ್ಟು ಹೇಳಿದರೂ ಸಾಲದು. ಮಂಡ್ಯದ ಕಡೆಯ ವೃದ್ಧೆಯೊಬ್ಬರನ್ನು, “ಅಮ್ಮಾ, ನೂರರಲ್ಲಿ ಏಳು ಕಳೆದರೆ ಎಷ್ಟು?” ಎಂದು ಕೇಳಿದರೆ, “ನಂಗವೆಲ್ಲ ಬರಾಕಿಲ್ಲ ಕಣವ್ವ, ನಾನು ಇಸ್ಕೂಲ್ ಮೆಟ್ಲು ಹತ್ತಿದೋಳಲ್ಲ” ಎಂದು ಮುಖ ತಿರುಗಿಸಿದರು. “ಹೋಗಲಿ, ಡೈರಿಗೆ ಬೆಳಿಗ್ಗೆ ನಾಲ್ಕು ಲೀಟರು, ಸಂಜೆ ಮೂರು ಲೀಟರು ಹಾಲು ಹಾಕಿದಿರಿ, ಲೀಟರಿಗೆ ಮೂವತ್ತು ರೂಪಾಯಿ ಆದರೆ?” ಎಂದೆ. ಕ್ಷಣವೂ ತಡೆಯದೆ, “ಇನ್ನೂರತ್ತು. ಎಲ್ಲಾನೂ ಎಲ್ಲಿ ಕೊಡ್ತಾರೆ, ಬೂಸದ ದುಡ್ಡು ಹಿಡ್ಕೊಂಡ್ ಕೊಡ್ತಾರೆ” ಎಂದರು. ಗುಣಾಕಾರವೂ ಬಂದಿತು, ವ್ಯವಹಾರಜ್ಞಾನವೂ ಬಂದಿತು. ಮೊದಲ ಪ್ರಶ್ನೆಗೆ ಸೊನ್ನೆ ಹಾಕಿ ಮುಂದೆ ಸಾಗಿದ್ದರೆ ಅಳೆದಂತಾಗುತ್ತಿದ್ದುದು ಆಕೆಯ ಮಿದುಳನ್ನಲ್ಲ, ಆಕೆಗೆ ದೊರೆಯದೆ ಹೋದ ಶಾಲೆಯನ್ನು. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದ ವೃದ್ಧರಿಗೆಂದೇ ಹಿಂದಿಯಲ್ಲಿ ಒಂದು ಕಿರುಪರೀಕ್ಷೆಯನ್ನು ಸಿದ್ಧಪಡಿಸಿ ೧೯೯೫ರಲ್ಲಿ ಪ್ರಕಟಿಸಿದುದು ಇದೇ ಕಾರಣಕ್ಕಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅನಂತರ ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾಸಂಪುಟದಲ್ಲಿ ಕನ್ನಡವೂ ಸೇರಿದೆ. ತಮಗೆ ಯಾವ ಭಾಷೆಯಲ್ಲಿ ಲೆಕ್ಕ ಹಾಕುವುದು, ಬೈಯುವುದು, ದೇವರನ್ನು ಬೇಡುವುದು ಸರಾಗವೋ ಆ ಭಾಷೆಯಲ್ಲಿಯೇ ಪರೀಕ್ಷೆಯಾಗಲಿ ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಅದು ಉಪಕಾರವನ್ನು ಬೇಡಿದಂತಲ್ಲ. ಮಾಪನದ ಸತ್ಯತೆಗೆ ಅದು ಬೇಕು.

ಸಿದ್ಧತೆಯ ವಿಷಯವಾಗಿ ಹೇಳಬೇಕಾದುದು ಅಲ್ಪ. ಹಿಂದಿನ ರಾತ್ರಿ ನಿದ್ರೆ ಮಾಡಿ ಬನ್ನಿ, ಹೊಟ್ಟೆಗೆ ತಿಂದು ಬನ್ನಿ. ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಮರೆಯದಿರಿ. ಕೇಳಿಸದೆ ತಪ್ಪಿದ ಪದವನ್ನು ಮರೆತ ಪದವೆಂದು ಎಣಿಸುವಂತಾಗಬಾರದು. ಮಾತ್ರೆಗಳನ್ನು ವೈದ್ಯರು ಹೇಳದ ಹೊರತು ನಿಲ್ಲಿಸಬೇಡಿ. ಅವುಗಳ ಹೆಸರನ್ನೂ ಹಳೆಯ ರಿಪೋರ್ಟುಗಳನ್ನೂ ತನ್ನಿ. ಜ್ವರವಿದ್ದರೆ, ಹಿಂದಿನ ದಿನ ಮೂರ್ಛೆ ಬಂದಿದ್ದರೆ, ಇನ್ನೊಂದು ದಿನ ಕೇಳಿಕೊಳ್ಳಿ. ಅಭ್ಯಾಸ ಮಾಡಿ ಬರಬೇಡಿ. ಬೇಕೆಂದೇ ಕೆಟ್ಟದಾಗಿಯೂ ಮಾಡಬೇಡಿ. ಪರಿಹಾರಧನದ ಆಸೆಯಿಂದ ಹಾಗೆ ಮಾಡುವವರೂ ಉಂಟು. ನಿಜವಾದ ಕ್ಷತದಿಂದ ಹುಟ್ಟುವ ತಪ್ಪಿಗೆ ಒಂದು ನಿಯಮವಿದೆ. ಕಲ್ಪಿಸಿಕೊಂಡ ತಪ್ಪು ಆ ನಿಯಮವನ್ನು ಮೀರಿ ಅನೇಕ ವೇಳೆ ತಾನಾಗಿಯೇ ಬಯಲಾಗುತ್ತದೆ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟರೇ ಎಂದು ವಿಚಾರಿಸಿದರೆ ಅವರು ಬೇಸರಪಟ್ಟುಕೊಳ್ಳುವುದಿಲ್ಲ.

ಕೆಲವು ದಿನಗಳ ಮೇಲೆ ಬರುವ ವರದಿಯಲ್ಲಿ ‘ಪರ್ಸೆಂಟೈಲ್’ ಎಂಬ ಅಂಕಣ ಕಂಡು ಬೆಚ್ಚುವವರು ಬಹುಮಂದಿ. ಇಪ್ಪತ್ತು ಎಂದಿದ್ದರೆ ನೂರಕ್ಕೆ ಇಪ್ಪತ್ತು ಅಂಕವೆಂದು ಅರ್ಥವಲ್ಲ. ನಿಮ್ಮ ವಯಸ್ಸಿನ, ನಿಮ್ಮಷ್ಟೇ ಓದಿದ ನೂರು ಮಂದಿ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು ಇಪ್ಪತ್ತು ಮಂದಿ ನಿಮ್ಮ ಹಿಂದೆ ನಿಲ್ಲುತ್ತಾರೆ ಎಂದು ಅರ್ಥ. ನಿಮ್ಹಾನ್ಸಿನ ಪರೀಕ್ಷಾಮಾಲೆಯಲ್ಲಿ ಹದಿನೈದಕ್ಕಿಂತ ಕೆಳಗಿನದನ್ನು ಕೊರತೆಯೆಂದು ಗಣಿಸುತ್ತಾರೆ. ಲೆಕ್ಕವನ್ನು ತಿರುಗಿಸಿ ನೋಡಿದರೆ, ಯಾವುದೇ ಒಂದು ಪರೀಕ್ಷೆಯಲ್ಲಿ ನೂರು ಆರೋಗ್ಯವಂತರಲ್ಲಿ ಸುಮಾರು ಹದಿನೈದು ಮಂದಿ ಆ ಗೆರೆಯ ಕೆಳಗೇ ಇರುತ್ತಾರೆಂಬುದು ಸ್ಪಷ್ಟವಾಗುತ್ತದೆ. ಆದುದರಿಂದ ಒಂದು ಅಂಕಣದಲ್ಲಿ ಒಂದು ಕೆಳಮಟ್ಟದ ಅಂಕಿಯನ್ನು ಕಂಡು ಎದೆಗುಂದುವುದು ಅನವಶ್ಯಕ. ಹಲವು ಪರೀಕ್ಷೆಗಳ ಕೊರತೆಗಳು ಒಂದೇ ದಿಕ್ಕನ್ನು ತೋರಿದಾಗ ಮಾತ್ರ ಅದಕ್ಕೆ ಅರ್ಥ. ವರದಿಯನ್ನು ಕೈಗೆ ತೆಗೆದುಕೊಂಡು ಹಾಗೆಯೇ ಹೊರಡಬೇಡಿ. ಕುಳಿತು, “ಏನು ಉಳಿದಿದೆ, ಏನು ಕೆಟ್ಟಿದೆ, ನಾಳೆಯಿಂದ ಮನೆಯಲ್ಲಿ ಏನು ಬದಲಾಯಿಸಬೇಕು?” ಎಂದು ಕೇಳಿ, ಕನ್ನಡದಲ್ಲಿ ವಿವರಿಸಹೇಳಿ. ಉಳಿದುದನ್ನು ಮೊದಲು ಕೇಳಬೇಕೆಂಬುದು ನನ್ನ ಆಗ್ರಹ. ಚಿಕಿತ್ಸೆಯೂ ತರಬೇತಿಯೂ ಉಳಿದ ಶಕ್ತಿಯ ಮೇಲೆಯೇ ನಿಲ್ಲಬೇಕಾಗಿದೆ. ಮತ್ತೆ ಪರೀಕ್ಷೆ ಬೇಕಾದರೆ ಆರು ತಿಂಗಳೋ ವರ್ಷವೋ ಬಿಟ್ಟು ಮಾಡುವುದು ರೂಢಿ. ಬೇಗನೆ ಮಾಡಿದರೆ ಹಿಂದಿನ ಪರಿಚಯವೇ ಅಂಕವನ್ನು ಏರಿಸುತ್ತದೆ.

ಕಡೆಯದಾಗಿ, ಈ ಸಭೆಯಲ್ಲಿರುವ ಆರೋಗ್ಯವಂತರಲ್ಲಿ ನನ್ನದೊಂದು ವಿಜ್ಞಾಪನೆ. ಆ ನೂರು ಮಂದಿಯ ಸಾಲು ಎಲ್ಲಿಂದ ಬರುತ್ತದೆ? ಯಾವ ರೋಗವೂ ಇಲ್ಲದವರು, ತಮಗೆ ಯಾವ ಲಾಭವೂ ಇಲ್ಲದಿದ್ದರೂ, ಎರಡು ಗಂಟೆ ಕುಳಿತು ಪದಗಳನ್ನು ಹೇಳಿ, ಗೆರೆಗಳನ್ನು ಎಳೆದು, ತಪ್ಪುಗಳನ್ನು ಮಾಡಿ ಹೋದುದರಿಂದ ಬರುತ್ತದೆ. ಬೆಂಗಳೂರಿನ ಕನ್ನಡಿಗರಿಂದ ಪಡೆದ ಪ್ರಮಾಣವನ್ನು ಬೀದರಿನ ಅಥವಾ ಕೊಡಗಿನ ಹಳ್ಳಿಯ ಎಂಬತ್ತು ವರ್ಷದವರಿಗೆ ಹಾಗೆಯೇ ಅನ್ವಯಿಸಲಾಗದು. ಧಾರವಾಡದ ಅಜ್ಜಿಯೊಬ್ಬರು, ಕಲಬುರಗಿಯ ಗಾರೆಕೆಲಸದವರೊಬ್ಬರು, ಕುಂದಾಪುರದ ಮೀನು ಮಾರುವ ಹೆಂಗಸೊಬ್ಬರು ಆ ಸಾಲಿನಲ್ಲಿ ನಿಲ್ಲಬೇಕು. ನಿಮ್ಮ ಊರಿಗೆ ಇಂಥ ಕೆಲಸಕ್ಕಾಗಿ ವಿದ್ಯಾರ್ಥಿಯೊಬ್ಬರು ಕಾಗದದ ಕಟ್ಟನ್ನೂ ಸ್ಟಾಪ್‌ವಾಚನ್ನೂ ಹಿಡಿದು ಬಂದರೆ, ದಯವಿಟ್ಟು ಬಾಗಿಲು ತೆರೆದು, ಮನೆಯ ಹಿರಿಯರನ್ನು ಕರೆದು ಕೂರಿಸಿ, ನೀವೂ ಕುಳಿತುಕೊಳ್ಳಿ.